ಇನ್ನೂ ಆರು ದಿನ ಬಾಕಿ ಇತ್ತು

ಔಷಧಿ ಅಂಗಡಿ ಇಟ್ಟವನಿಗೆ ಅಂಟುವ ರೋಗಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ತಾನೂ ಅರ್ಧ ಡಾಕ್ಟರು ಎನ್ನುವ ಭ್ರಮೆ. ಇದಕ್ಕೆ ನನ್ನ ಅಂಗಡಿಯ ಯಾವ ಕಪಾಟಿನಲ್ಲಿಯೂ ಗುಳಿಗೆ ಇಲ್ಲ. ಕೊಟ್ಟೂರಿನ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ನನ್ನ ಮೆಡಿಕಲ್ ಶಾಪು ಸಿಗುತ್ತದೆ. ಹೆಸರು ಕೊಟ್ರೇಶ, ಊರ ದೇವರದೇ ಹೆಸರು. ಈ ಊರಿನಲ್ಲಿ ಈ ಹೆಸರು ಇಟ್ಟುಕೊಳ್ಳುವುದೂ ಒಂದೇ, ಹೆಸರೇ ಇಲ್ಲದಿರುವುದೂ ಒಂದೇ. ನಿಲ್ದಾಣದಲ್ಲಿ ನಿಂತು ಒಮ್ಮೆ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಇಬ್ಬರು ಬಸ್ಸಿನಿಂದ ಇಳಿದೇ ಬಿಡುತ್ತಾರೆ. ಹಾಗಾಗಿ ನಾನು ಮೆಡಿಕಲ್ ಕೊಟ್ರೇಶಿಯಾದೆ. ಹಳ್ಳಿಯಿಂದ ಬಂದವರು ಕಟ್ಟೆಯ ಮೇಲೆ ಕೈಯೂರಿ "ಡಾಕ್ಟ್ರೇ, ಸೊಂಟ ಹಿಡದೈತ್ರಿ" ಎಂದಾಗ, ನಾನು ಡಾಕ್ಟರಲ್ಲ ಎಂದು ಹೇಳಬೇಕಾದವನು ನಾನೇ. ಮೊದಲ ಒಂದೆರಡು ವರ್ಷ ಹೇಳಿದೆ. ಆಮೇಲೆ ಬಿಟ್ಟೆ. ಮನುಷ್ಯನಿಗೆ ಯಾವುದು ಹಿತವಾಗಿರುತ್ತದೆಯೋ ಅದನ್ನು ತಿದ್ದಲು ಅವನು ಹೋಗುವುದಿಲ್ಲ.

ಈ ರೋಗ ನನ್ನೊಬ್ಬನನ್ನೇ ಕಾಡಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. ಅದರ ಪಥ್ಯವನ್ನು ನನ್ನ ಹೆಂಡತಿ ಮಾಡಬೇಕಾಯಿತು.

ನನ್ನ ಹೆಂಡತಿ ವಿಶಾಲಾಕ್ಷಿ ಹಡಗಲಿ ತಾಲೂಕಿನ ಮಾಗಳದವಳು. ಪಿಯುಸಿ ಮುಗಿಸಿದ ವರ್ಷವೇ ನನ್ನ ಕೈ ಹಿಡಿದಳು. ಮಗಳು ಸಹನಾ ಆರನೆಯ ತರಗತಿಗೆ ಕಾಲಿಟ್ಟು ಮನೆಯಲ್ಲಿ ಸ್ವಲ್ಪ ಬಿಡುವು ಬಂದಿತ್ತು ಅನ್ನುವಷ್ಟರಲ್ಲಿ ಮಾಗಳದಿಂದ ಸುದ್ದಿ ಬಂತು, ಅವಳ ತಾಯಿಯ ಕಾಲಿನ ಗಾಯ ಮಾಯುತ್ತಿಲ್ಲ ಎಂದು. ಸಕ್ಕರೆ ಕಾಯಿಲೆಯ ಗಾಯ. ಹೆಬ್ಬೆರಳು ಹೋಗಬಹುದು, ಪಾದವೂ ಹೋಗಬಹುದು ಎಂದಿದ್ದರು. ವಿಶಾಲಾಕ್ಷಿ ಎರಡು ತಿಂಗಳು ತವರಿನಲ್ಲೇ ಉಳಿದಳು. ತಾಯಿಯನ್ನು ದಿನ ಬಿಟ್ಟು ದಿನ ಹಡಗಲಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಅಲ್ಲಿನ ಹಿರಿಯ ನರ್ಸೊಬ್ಬರು ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ಕಲಿಸಿಕೊಟ್ಟರು. ಕೊನೆಗೆ ಬೆರಳೂ ಉಳಿಯಿತು, ಪಾದವೂ ಉಳಿಯಿತು. ಕಡೆಯ ದಿನ ಆ ನರ್ಸಮ್ಮ, "ನಿನ್ನ ಕೈ ಭಾಳ ಹಗುರ ಐತವಾ, ನೀನ್ಯಾಕ ಇದನ್ನ ಓದಲಿಲ್ಲ?" ಎಂದು ಕೇಳಿದರಂತೆ.

ಹಡಗಲಿಗೆ ಹೋದವರು ಮಲ್ಲಿಗೆ ತರುತ್ತಾರೆ. ಇವಳೂ ತಂದಳು, ಜೊತೆಗೆ ಆ ಪ್ರಶ್ನೆಯನ್ನೂ ತಂದಳು. ನಾನು ಮಂಡಕ್ಕಿ ಮಿರ್ಚಿ ತಿನ್ನುತ್ತ ಕುಳಿತಿದ್ದಾಗ ಎದುರಿಗೆ ಬಂದು ನಿಂತು, "ನಾನು ನರ್ಸಿಂಗ್ ಓದಬೇಕಂತ ಮಾಡೀನ್ರಿ" ಎಂದಳು. ಆಗ ಅವಳಿಗೆ ಮೂವತ್ತೆರಡು. ನನ್ನ ಬಾಯಲ್ಲಿದ್ದ ಮಿರ್ಚಿ ಇದ್ದಕ್ಕಿದ್ದಂತೆ ಖಾರವಾಯಿತು.

ಬೇಡ ಎನ್ನುವ ಕೆಲಸಕ್ಕೆ ನಮ್ಮಲ್ಲಿ ಜನರ ಕೊರತೆ ಯಾವತ್ತೂ ಇಲ್ಲ. ಮೊದಲು ನಮ್ಮವ್ವ ಶುರು ಮಾಡಿದಳು. ಯಾರು ಯಾರದೋ ಉಚ್ಚಿ, ಹೊಲಸು ಬಳಿಯುವ ಕೆಲಸಕ್ಕೆ ನಮ್ಮ ಮನೆಯ ಸೊಸೆ ಹೋಗಬೇಕೇ, ಮಗಳು ನೆರೆಯುವ ವಯಸ್ಸಿಗೆ ಬರುತ್ತಿರುವಾಗ ತಾಯಿ ಚೀಲ ಹಾಕಿಕೊಂಡು ಹೊರಟರೆ ಓಣಿಯ ಮಂದಿ ಏನಂದಾರು, ಎಂದು ಪಡಸಾಲೆಯಲ್ಲಿ ಕೂತು ಗೋಡೆಗೆ ಹೇಳಿದಳು. ಗೋಡೆಯ ಆಚೆ ವಿಶಾಲಾಕ್ಷಿ ರೊಟ್ಟಿ ಬಡಿಯುತ್ತಿದ್ದಳು. ಮಾಗಳದ ಅವಳ ಅಣ್ಣ ಫೋನು ಮಾಡಿ, ತಂಗಿಗೆ ಕೊಟ್ಟ ಮನೆಯಲ್ಲಿ ಊಟಕ್ಕೇನಾದರೂ ಕಡಿಮೆಯಾಗಿದೆಯೇ ಎಂದು ನನ್ನನ್ನೇ ವಿಚಾರಿಸಿದ. ಅಂಗಡಿಯ ಮುಂದೆ ಪೇಪರು ಓದಲು ಬರುವವರು, ಇಂಥ ವಯಸ್ಸಿನಲ್ಲಿ ತಲೆಗೆ ಓದು ಹತ್ತುವುದಿಲ್ಲ ಎಂದು ಒಮ್ಮತದಿಂದ ತೀರ್ಮಾನಿಸಿದರು. ಅವರಲ್ಲಿ ಯಾರ ತಲೆಗೂ ಯಾವ ವಯಸ್ಸಿನಲ್ಲೂ ಅದು ಹತ್ತಿದ್ದನ್ನು ನಾನು ಕಂಡಿಲ್ಲ. ಆದರೂ ಆ ದಿನ ಅವರ ಮಾತು ನನಗೆ ಬಹಳ ತೂಕದ್ದಾಗಿ ಕಂಡಿತು.

ನಾನು ಮಾತ್ರ ಬೇಡ ಎನ್ನಲಿಲ್ಲ. ನಾನು ಸುಧಾರಿಸಿದ ಮನುಷ್ಯ. ನಾನು ಅಂದದ್ದು "ನೋಡೂಣು" ಎಂದು. ನಮ್ಮ ಕಡೆಯ ಗಂಡಸರ ಬಾಯಲ್ಲಿ ಈ ಮಾತಿಗೆ ಇರುವ ಬಲ ಬೇರೆ ಯಾವ ಮಾತಿಗೂ ಇಲ್ಲ. ಇಲ್ಲ ಎಂದರೆ ಜಗಳವಾಗುತ್ತದೆ, ಹೂಂ ಎಂದರೆ ಕೆಲಸವಾಗುತ್ತದೆ. ನೋಡೂಣು ಎಂದರೆ ಎರಡೂ ಆಗುವುದಿಲ್ಲ. ನಮ್ಮ ಮನೆಯ ಹಿತ್ತಲ ಬಾಗಿಲನ್ನು ರಿಪೇರಿ ಮಾಡಿಸುವ ವಿಚಾರವನ್ನು ನಾನು ಹೀಗೆ ಏಳು ವರ್ಷ ನೋಡಿದ್ದೆ.

ವಿಶಾಲಾಕ್ಷಿ ಬಾಗಿಲಲ್ಲವಲ್ಲ. ನರ್ಸಿಂಗ್ ಕಾಲೇಜುಗಳಿಗೆ ಅರ್ಜಿ ಕರೆದ ಸುದ್ದಿಯನ್ನು ತಾನೇ ಪೇಪರಿನಲ್ಲಿ ಹುಡುಕಿದಳು. ಟ್ರಂಕಿನಿಂದ ಅಂಕಪಟ್ಟಿಗಳನ್ನು ತೆಗೆದಳು. ಪಕ್ಕದ ಮನೆಯ ಮಮ್ತಾಜಳೊಂದಿಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದಳು. ಮಮ್ತಾಜ್ ಹೊಲಿಗೆ ಮಾಡುವವಳು. ಅವಳ ಗಂಡನಿಗೆ ಗ್ಯಾರೇಜು. ಇಬ್ಬರು ಹೆಂಗಸರಿಗೂ ಜೀವದ ಗೆಳೆತನ. ಎಲ್ಲ ಕಾಗದಗಳನ್ನೂ ಒಂದು ಲಕೋಟೆಯಲ್ಲಿಟ್ಟು ವಿಶಾಲಾಕ್ಷಿ ನನ್ನ ಕೈಗೆ ಕೊಟ್ಟಳು. ನಿಲ್ದಾಣದ ಎದುರಿನ ಕಂಪ್ಯೂಟರ್ ಸೆಂಟರಿನವನು ನಿಮ್ಮ ಗಿರಾಕಿ, ಅರ್ಜಿ ತುಂಬಿಸುವುದು ನಿಮಗೆ ಸಲೀಸು ಎಂದಳು.

ಆ ಲಕೋಟೆ ನನ್ನ ಅಂಗಡಿಯ ಡ್ರಾಯರಿನಲ್ಲಿ, ಕೆಮ್ಮಿನ ಸಿರಪ್ಪುಗಳ ಪಟ್ಟಿಯ ಕೆಳಗೆ ಮಲಗಿತು. ದಿನಾ ಬೆಳಿಗ್ಗೆ ಡ್ರಾಯರು ಎಳೆದಾಗ ಅವಳ ಫೋಟೋದ ಅಂಚು ಕಾಣುತ್ತಿತ್ತು. ನಾಲ್ಕನೆಯ ದಿನ ಅವಳು ಕೇಳಿದಳು, ಅರ್ಜಿ ಹಾಕಿದಿರಾ ಎಂದು. ಆಗ ನನ್ನ ಬಾಯಿಂದ ಬಂದ ಮಾತು ಇದು: "ಹೋಗಿದ್ನಲ್ಲಾ. ತಾರೀಖು ಮುಗದೈತಂತ. ನೀನು ಒಂದು ವಾರ ಮೊದ್ಲ ಕೊಟ್ಟಿದ್ರ ಆಗ್ತಿತ್ತು."

ತಾರೀಖು ಮುಗಿದಿರಲಿಲ್ಲ. ಇನ್ನೂ ಆರು ದಿನ ಬಾಕಿ ಇತ್ತು.

ಯಾಕೆ ಹಾಗೆ ಮಾಡಿದೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಅಡುಗೆ ಯಾರು ಮಾಡಬೇಕು ಎಂಬ ಚಿಂತೆ ಇತ್ತು, ಅವ್ವನ ಬಾಯಿಯ ಹೆದರಿಕೆ ಇತ್ತು. ಆದರೆ ಇವೆಲ್ಲ ನೆಪ. ಒಳಗಿನ ಸಂಗತಿ ಏನೆಂದರೆ, ಮನೆಯಲ್ಲಿ ಜ್ವರ ಬಂದರೆ, ಹೊಟ್ಟೆ ಕೆಟ್ಟರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಊರು ಡಾಕ್ಟ್ರೇ ಎನ್ನುವುದು ಬೇರೆ, ಹೆಂಡತಿ ಹಾಗೆಂದು ನಂಬುವುದು ಬೇರೆ. ಇವಳು ಓದಿಬಿಟ್ಟರೆ ಆ ಗಾದಿ ಹೋಗುತ್ತದೆ ಎಂದು ನನಗೆ ಭಯವಾಗಿತ್ತು. ಇಷ್ಟೇ. ಇಷ್ಟು ಸಣ್ಣ ಕಾರಣಕ್ಕೆ ಒಬ್ಬ ಮನುಷ್ಯ ಇಷ್ಟು ದೊಡ್ಡ ಸುಳ್ಳು ಹೇಳಬಲ್ಲ ಎಂದು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅವಳು ಅಳಲಿಲ್ಲ. ಲಕೋಟೆ ಇಸಿದುಕೊಂಡು, ತಪ್ಪು ತನ್ನದೇ, ಕಾಗದ ಹುಡುಕುವುದರಲ್ಲಿ ತಡ ಮಾಡಿದೆ ಎಂದು ಹೇಳಿ ಟ್ರಂಕಿನಲ್ಲಿಟ್ಟಳು. ಮರುವರ್ಷ ಮತ್ತೆ ತೆಗೆದಳು. ಆಗ ನಾನು ಮಗಳ ಪರೀಕ್ಷೆಯನ್ನು ಅಡ್ಡ ತಂದೆ, ಅವ್ವನ ಮಂಡಿ ನೋವನ್ನು ಅಡ್ಡ ತಂದೆ. ಅವ್ವನ ಮಂಡಿ ಆ ವರ್ಷ ಎಂದಿಗಿಂತ ಚೆನ್ನಾಗಿಯೇ ಇತ್ತು. ಮೂರನೆಯ ವರ್ಷ ನನ್ನನ್ನು ಕೇಳಲೇ ಇಲ್ಲ. ಮಮ್ತಾಜಳನ್ನು ಕರೆದುಕೊಂಡು ಹರಪನಹಳ್ಳಿಗೆ ಹೋಗಿ, ಅಲ್ಲಿನ ಕಾಲೇಜೊಂದರಲ್ಲಿ ಹೆಸರು ಹಚ್ಚಿಯೇ ಬಂದಳು. ಸಂಜೆ ನನ್ನ ಮುಂದೆ ರಸೀದಿ ಇಟ್ಟು, "ಇನ್ನೊಂದು ವರ್ಷ ಬಿಟ್ಟಿದ್ರ ನನ್ನ ವಯಸ್ಸೇ ಮುಗೀತಿತ್ತಂತ್ರಿ" ಎಂದಳು. ನಾನು ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. ನೋಡೂಣು ಎನ್ನಲು ಏನೂ ಉಳಿದಿರಲಿಲ್ಲ.

ಮೊದಲ ದಿನ ಕಾಲೇಜಿನ ವಾಚ್‌ಮನ್ ಇವಳನ್ನು ಗೇಟಿನಲ್ಲಿಯೇ ತಡೆದು, ತಂದೆತಾಯಿಗಳು ಮರದ ಕೆಳಗೆ ಕೂರಬೇಕು ಎಂದನಂತೆ. ಇವಳು ಮರದ ಕೆಳಗೆ ಹತ್ತು ನಿಮಿಷ ಕೂತೂ ಇದ್ದಳಂತೆ, ತಾನೇ ವಿದ್ಯಾರ್ಥಿನಿ ಎಂದು ಹೇಳಲು ನಾಚಿಕೆಯಾಗಿ. ತರಗತಿಯ ಹುಡುಗಿಯರು ಮೊದಲ ವಾರ ಆಂಟಿ ಎಂದರು, ಎರಡನೆಯ ವಾರ ಅಕ್ಕ ಎಂದರು, ತಿಂಗಳಾಗುವಷ್ಟರಲ್ಲಿ ಅವಳ ಬುತ್ತಿಯ ಶೇಂಗಾ ಚಟ್ನಿಗೆ ಮುತ್ತಿಗೆ ಹಾಕಿದರು. ಬಿಳಿ ಸಮವಸ್ತ್ರ ಉಟ್ಟು ಮೊದಲ ಸಲ ಹೊರಟಾಗ ಅವ್ವ ಹೊಸ್ತಿಲಲ್ಲಿ ಕೂತು, ಗಂಡ ಗುಂಡುಕಲ್ಲಿನ ಹಂಗ ಕುಂತಾಗ ಬಿಳೇದು ಉಡ್ತಾಳ ಎಂದು ಕಣ್ಣೀರು ಹಾಕಿದಳು. ಗುಂಡುಕಲ್ಲು ಒಳಗೆ ಕೂತು ಸೌತೆಕಾಯಿ ಹೆಚ್ಚುತ್ತಿತ್ತು.

ಆ ಮೂರು ವರ್ಷ ನಾನು ರೊಟ್ಟಿ ಬಡಿಯುವುದನ್ನು ಕಲಿತೆ. ನನ್ನ ರೊಟ್ಟಿಗಳಲ್ಲಿ ಹಿಂದೂಸ್ಥಾನದ ಎಲ್ಲ ರಾಜ್ಯಗಳ ನಕಾಶೆಗಳನ್ನೂ ಸಹನಾ ಗುರುತಿಸಿದಳು, ಗೋವಾ ಒಂದನ್ನು ಬಿಟ್ಟು. ತಾಯಿ ಮಗಳು ಒಂದೇ ಮೇಜಿನ ಎರಡು ಬದಿಗೆ ಕೂತು ಓದುತ್ತಿದ್ದರು. ತಾಯಿಗೆ ಇಂಗ್ಲಿಷ್ ತೊಡಕಾದರೆ ಮಗಳು ಬಿಡಿಸುತ್ತಿದ್ದಳು. ಮಗಳಿಗೆ ಜೀವಶಾಸ್ತ್ರ ತೊಡಕಾದರೆ ತಾಯಿ. ನನ್ನ ಬಳಿಗೂ ಒಮ್ಮೆ ಬಂದರು. ಈ ಬಿ.ಪಿ. ಗುಳಿಗೆ ದೇಹದೊಳಗೆ ಹೋಗಿ ಹೇಗೆ ಕೆಲಸ ಮಾಡುತ್ತದೆ ಎಂದು ವಿಶಾಲಾಕ್ಷಿ ಬಹಳ ವಿನಯದಿಂದ ಕೇಳಿದಳು. ಅದನ್ನು ಇಪ್ಪತ್ತು ವರ್ಷದಿಂದ ಮಾರುತ್ತಿದ್ದೆ. ಕಾಲೇಜಿನಲ್ಲಿ ಓದಿದ್ದೆನೋ ಏನೋ, ಎಲ್ಲ ಮರೆತು ಡಬ್ಬಿಯ ಬಣ್ಣ ಮಾತ್ರ ನೆನಪಿತ್ತು. ಹೊಟ್ಟೆಗೆ ಹೋಗಿ ಕರಗಿ ಕೆಲಸ ಮಾಡುತ್ತದೆ ಎಂದೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮತ್ತೆಂದೂ ನನ್ನನ್ನು ಏನನ್ನೂ ಕೇಳಿ ತೊಂದರೆ ಕೊಡಲಿಲ್ಲ.

ಕೊನೆಯ ವರ್ಷದಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅದೊಂದು ಭಾನುವಾರ, ವಿಶಾಲಾಕ್ಷಿ ನನಗೆ ಬುತ್ತಿ ತಂದು ಅಂಗಡಿಯಲ್ಲಿ ನಿಂತಿದ್ದಳು. ಹಳ್ಳಿಯಿಂದ ಬಂದ ಹೆಂಗಸೊಬ್ಬಳು ಎಳೆಯ ಕೂಸನ್ನು ಹೆಗಲಿಗೆ ಹಾಕಿಕೊಂಡು, ಎರಡು ದಿನದಿಂದ ಕೆಮ್ಮು, ಒಂದು ಬಾಟಲಿ ಔಷಧಿ ಕೊಡಿ ಎಂದಳು. ನಾನು ಬಾಟಲಿ ತೆಗೆದು ಕಟ್ಟೆಯ ಮೇಲೆ ಇಟ್ಟೂ ಆಗಿತ್ತು. ವಿಶಾಲಾಕ್ಷಿ ಕೂಸಿನ ಅಂಗಿ ಎತ್ತಿ ಎದೆ ನೋಡಿದಳು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ನಾನು ಅದನ್ನು ನೋಡಿರಲಿಲ್ಲ. ನಾನು ನೋಡಿದ್ದು ಬಾಟಲಿಯ ಚೀಟಿಯನ್ನು. ಅವಳು ನನಗೆ ಏನೂ ಹೇಳದೆ ಬಾಟಲಿಯನ್ನು ಪಕ್ಕಕ್ಕೆ ಸರಿಸಿ, "ಅವ್ವಾ, ಇದಕ್ಕ ಬಾಟ್ಲಿ ಔಷಧಿ ಸಾಲೂದಿಲ್ಲ, ದವಾಖಾನಿ ಬೇಕು. ನಾನೂ ಬರ್ತೀನಿ, ನಡಿ" ಎಂದು ಆಟೋ ನಿಲ್ಲಿಸಿದಳು. ಸಂಜೆ ಬಂದು, ಕೂಸಿಗೆ ನ್ಯುಮೋನಿಯಾ, ಆಮ್ಲಜನಕ ಹಚ್ಚಿದ್ದಾರೆ, ಒಂದು ದಿನ ತಡವಾಗಿದ್ದರೆ ಕಷ್ಟವಿತ್ತಂತೆ ಎಂದಳು. ವಾರದ ಮೇಲೆ ಆ ಹೆಂಗಸು ಕೂಸನ್ನು ತೋರಿಸಲು ಅಂಗಡಿಗೆ ಬಂದಳು. ನನ್ನನ್ನು ಡಾಕ್ಟ್ರೇ ಎನ್ನಲಿಲ್ಲ. ಅಕ್ಕಾರು ಅದಾರೇನ್ರಿ ಎಂದು ಕೇಳಿದಳು. ಗಾದಿ ಹೋದದ್ದು ಆ ದಿನ. ಹೋದಾಗ ನೋವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹೋಗಬೇಕಾದದ್ದು ಎರಡು ವರ್ಷ ಮೊದಲೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಆ ಎರಡು ವರ್ಷದ ಬೆಲೆ ಏನೆಂದು ತಿಳಿದದ್ದು ಇನ್ನೂ ತಡವಾಗಿ. ಅವಳು ಒಳ್ಳೆಯ ಅಂಕದಲ್ಲಿ ಪಾಸಾದಳು. ಕೂಡ್ಲಿಗಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿ, ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಓಡಾಡತೊಡಗಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಬೇಕೆಂಬುದು ಅವಳ ಆಸೆ; ತಾಯಿಯ ಕಾಲು ಉಳಿಸಿದವರು ಅಲ್ಲಿಯವರಲ್ಲವೇ. ಸರ್ಕಾರ ಅರ್ಜಿ ಕರೆದ ದಿನ ಮಮ್ತಾಜಳ ಮೊಬೈಲಿನಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದರು. ವಯೋಮಿತಿಯ ಸಾಲಿಗೆ ಬಂದಾಗ ಮಮ್ತಾಜ್ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದಳು. ಎಂಟು ತಿಂಗಳು ಮೀರಿತ್ತು. ಹಿಂದೊಮ್ಮೆ ಕರೆದಾಗ ವಯಸ್ಸು ಇತ್ತು, ಆದರೆ ಆಗ ಅವಳಿನ್ನೂ ಓದುತ್ತಿದ್ದಳು. ನಾನು ಆ ಲಕೋಟೆಯನ್ನು ರಸ್ತೆ ದಾಟಿಸಿದ್ದರೆ ಆ ಹೊತ್ತಿಗೆ ಅವಳ ಓದು ಮುಗಿದಿರುತ್ತಿತ್ತು. ಅಂಗಡಿಯಿಂದ ಕಂಪ್ಯೂಟರ್ ಸೆಂಟರಿಗೆ ಇರುವುದು ಆ ಒಂದು ರಸ್ತೆ ಮಾತ್ರ.

ಮಮ್ತಾಜ್ ಸರ್ಕಾರವನ್ನು ಬೈದಳು. ವಿಶಾಲಾಕ್ಷಿ ಮೊರ ತೆಗೆದುಕೊಂಡು ಹೆಸರುಕಾಳು ಹಸನು ಮಾಡುತ್ತ ಕೂತಳು. ಕಾಳು ಹಸನಾದ ಮೇಲೂ ಮಾಡುತ್ತಲೇ ಇದ್ದಳು. "ಯಾರನ್ನ ಬೈದು ಏನ್ ಮಾಡ್ತಿ? ನಂದೇ ತಪ್ಪು. ಆ ವರ್ಷ ಕಾಗದ ಒಂದು ವಾರ ಮೊದ್ಲ ಇವರ ಕೈಗೆ ಕೊಟ್ಟಿದ್ರ ಎಲ್ಲಾ ನೆಟ್ಟಗ ಆಗ್ತಿತ್ತು" ಎಂದಳು. ನಾನು ಅಲ್ಲೇ ಕಂಬಕ್ಕೊರಗಿ ನಿಂತಿದ್ದೆ. ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. ಚಹಾ ಮಾಡಲೇ ಎಂದು ಕೇಳಿದೆ.

ಇದಾಗಿ ಒಂದು ವರ್ಷಕ್ಕೆ ಅವಳ ನರ್ಸಿಂಗ್ ಹೋಮಿನಲ್ಲಿ ದಾದಿಯರ ದಿನ ಆಚರಿಸಿದರು. ಅಂಗಳದಲ್ಲಿ ಶಾಮಿಯಾನ, ಬಿಸಿಲು, ಮೈಕು. ಡಾಕ್ಟರು ಬಹಳ ಸಜ್ಜನ ಮನುಷ್ಯ. ವಿಶಾಲಾಕ್ಷಿಯ ಕೆಲಸವನ್ನು ಹೊಗಳಿದ ಮೇಲೆ, ಮದುವೆಯಾಗಿ ಇಷ್ಟು ವರ್ಷದ ನಂತರ ಹೆಂಡತಿಯನ್ನು ಓದಿಸಿದ ಮಹನೀಯರು ಇಲ್ಲೇ ಇದ್ದಾರೆ ಎಂದು ನನ್ನನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತು ಆಡಿ ಎಂದರು. "ಇದ್ರಾಗ ನಂದೇನೂ ಇಲ್ರಿ" ಎಂದೆ. ಜೀವನದಲ್ಲಿ ಅಷ್ಟು ನಿಜವಾದ ಮಾತನ್ನು ನಾನು ಸಾರ್ವಜನಿಕವಾಗಿ ಆಡಿದ್ದು ಅದೊಂದೇ ಸಲ. ಜನ ಅದನ್ನು ವಿನಯವೆಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಆಮೇಲೆ ವಿಶಾಲಾಕ್ಷಿ ಮಾತಾಡಿದಳು. ತರಬೇತಿಗೆ ಬಂದಿದ್ದ ಹುಡುಗಿಯರು ಮುಂದೆ ಕೂತಿದ್ದರು. ಅವರಿಗೆ ಹೇಳಿದಳು: ನಾನು ಆಲಸ್ಯ ಮಾಡಿ ಅರ್ಜಿಯ ತಾರೀಖು ತಪ್ಪಿಸಿಕೊಂಡೆ, ಅದರಿಂದ ಸರ್ಕಾರಿ ಕೆಲಸವೂ ತಪ್ಪಿತು, ನೀವ್ಯಾರೂ ನನ್ನ ಹಾಗೆ ಮಾಡಬೇಡಿ. ಹುಡುಗಿಯರು ತಲೆಯಾಡಿಸಿದರು. ಒಬ್ಬಳು ಬರೆದುಕೊಂಡಳು ಕೂಡ. ಮಾಡದ ತಪ್ಪನ್ನು ಅವಳು ಆರೇಳು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದಾಳೆ, ಈಗ ಮೈಕಿನಲ್ಲಿಯೂ ಹೇಳುತ್ತಿದ್ದಾಳೆ, ನಾನು ಶಾಲು ಹೊದ್ದುಕೊಂಡು ಕೇಳುತ್ತಿದ್ದೇನೆ. ಬಿಸಿಲಿನ ಸೆಕೆಯೋ ಶಾಲಿನ ಸೆಕೆಯೋ, ಅಲ್ಲಿ ಕೂರಲಾಗಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಕೊಟ್ಟೂರಿಗೆ ಹೊರಟೆವು. ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಊರು ದಾಟಿದ ಮೇಲೆ ಹೇಳಿದೆ.

"ವಿಶಾಲಿ, ಆ ವರ್ಷ ತಾರೀಖು ಮುಗದಿರಲಿಲ್ಲ."

ಅವಳಿಗೆ ತಿಳಿಯಲಿಲ್ಲ. "ಯಾವ ತಾರೀಖು?"

"ಅರ್ಜೀದು. ಇನ್ನೂ ಆರು ದಿನ ಇತ್ತು. ನಾನು ಸೆಂಟರಿಗೆ ಹೋಗೇ ಇರಲಿಲ್ಲ."

ಅವಳು ನನ್ನನ್ನು ನೋಡಿದಳು. ಜಗಳ ಆಡುತ್ತಾಳೆ ಎಂದುಕೊಂಡೆ, ಆಡಿದ್ದರೆ ಹಗುರಾಗುತ್ತಿತ್ತು. "ಯಾಕ್ರಿ?" ಎಂದಳು.

"ನೀನು ನನಗಿಂತ ಶಾಣೇಕಿ ಆಗ್ತೀ ಅಂತ ಅಂಜಿದ್ದೆ."

"ಅಷ್ಟಕ್ಕ?"

"ಅಷ್ಟಕ್ಕ."

ಅವಳು ಕಿಟಕಿಯ ಕಡೆ ತಿರುಗಿದಳು. ಹೊರಗೆ ಬರೀ ಬಿಸಿಲು ಮತ್ತು ಬೋಳು ಹೊಲ. ಕೊಟ್ಟೂರು ಬರುವ ಮೊದಲು ಒಂದೇ ಮಾತು ಹೇಳಿದಳು: "ನೌಕರಿ ಹೋಗಿದ್ದು ಹೋಗ್ಲಿ ಬಿಡ್ರಿ. ಇಷ್ಟು ವರ್ಷ ನನ್ನ ನಾನ ಬೈಕೊಂಡೆನಲ್ಲ, ಅದನ್ನ ಯಾರು ವಾಪಸ್ ಕೊಡ್ತಾರ?"

ಆಮೇಲೆ ಕೆಲವು ವಾರ ಅವಳು ನನ್ನನ್ನು ರೋಗಿಯಂತೆ ನೋಡಿಕೊಂಡಳು. ಊಟ ಆಯ್ತೇನ್ರಿ, ನಿದ್ದಿ ಬಂತೇನ್ರಿ, ಹೊಟ್ಟಿ ಸರಿ ಐತೇನ್ರಿ. ದನಿಯಲ್ಲಿ ಎಳ್ಳಷ್ಟೂ ಸಿಟ್ಟಿಲ್ಲ, ಎಳ್ಳಷ್ಟೂ ಸಲಿಗೆಯೂ ಇಲ್ಲ. ಅಷ್ಟು ಒಳ್ಳೆಯ ಉಪಚಾರ ಯಾವ ಶತ್ರುವಿಗೂ ಬೇಡ. ಕೊನೆಗೆ ಒಂದು ದಿನ ನನ್ನ ರೊಟ್ಟಿಯನ್ನು ಬೈದಳು. ಅಂದು ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು. ಮಾಫಿ ಮಾಡಿದ್ದಾಳೆಯೇ ಎಂದು ನಾನು ಕೇಳಿಲ್ಲ. ಕೇಳಿದರೆ "ನೋಡೂಣು" ಎಂದುಬಿಟ್ಟಾಳು.

ಈಗ ಹೊಸ ಹುಡುಗಿಯರು ತರಬೇತಿಗೆ ಬಂದಾಗ ಅವಳು ಆಲಸ್ಯದ ಕಥೆಯನ್ನು ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಾಳೆ. ನಿಮ್ಮ ಕಾಗದ ನೀವೇ ಒಯ್ದು ಕೊಡಿ, ಯಾರ ಕೈಗೂ ಕೊಡಬೇಡಿ ಎನ್ನುತ್ತಾಳೆ. ಇದು ನನಗೆ ಗೊತ್ತಾದದ್ದು ಹೋದ ತಿಂಗಳು. ಎರಡು ದಿನ ನನಗೆ ತಲೆ ಸುತ್ತು ಬಂದಿತ್ತೆಂದು ಅವಳೇ ಒತ್ತಾಯ ಮಾಡಿ ಕೂಡ್ಲಿಗಿಗೆ ಕರೆದೊಯ್ದಳು. ಅವಳಿಗೆ ವಾರ್ಡಿನಲ್ಲಿ ಕೆಲಸವಿತ್ತು. ನನ್ನನ್ನು ಒಬ್ಬ ಹುಡುಗಿಗೆ ಒಪ್ಪಿಸಿ ಹೋದಳು. ಆ ಹುಡುಗಿ ನನ್ನ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತುತ್ತ, ನೀವು ವಿಶಾಲಕ್ಕನ ಮನೆಯವರೇನ್ರಿ ಎಂದು ಕೇಳಿದಳು. ಹೌದು ಎಂದೆ. ಪಕ್ಕದಲ್ಲಿದ್ದ ಇನ್ನಿಬ್ಬರು ತಿರುಗಿ ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಆರು ದಿನ ಎಂದಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಗಾಳಿ ತುಂಬುವ ಕೈ ನಿಲ್ಲಲೇ ಇಲ್ಲ. ಬೆರಳು ಜೋಮು ಹಿಡಿದವು, ಉಗುರು ನೀಲಿಯಾದವು. ಬಹಳ ಬಿಗಿಯಾಯ್ತೇನ್ರಿ ಅಂಕಲ್ ಎಂದು ಆ ಹುಡುಗಿ ನಗುತ್ತ ಕೇಳಿದಳು.

ಇಲ್ಲವ್ವಾ, ಸರಿಯಾಗೇ ಐತಿ ಎಂದೆ.